ಪ್ರತಿನಾಯಿಕೆಯ ಆಕರ್ಷಣೆ: ಅಪರಾಧ ಚಲಚ್ಚಿತ್ರಗಳನ್ನು ಕುರಿತು ಒಂದು ವಿಚಾರ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಅಧ್ಯಾಪಕರ ಸಂಘದ ವತಿಯಿಂದ ಜನ್ನನ 'ಯಶೋಧರ ಚರಿತೆ'ಯನ್ನು ಕುರಿತು ಒಂದು ಗೋಷ್ಠಿ ನಡೆಯಿತು. ಅಧ್ಯಕ್ಷತೆ ನಮ್ಮ ಪಾಲಿಗೆ ಬಂದಿತ್ತು. ಪ್ರಬಂಧ ವಾಚನ ಮುಗಿದು ಪ್ರಶ್ನೆಗಳಿಗೆ ಅವಕಾಶ ಕೊಟ್ಟಾಗ ಹೈಸ್ಕೂಲಿನ ಯುವ ಅಧ್ಯಾಪಿಕೆಯೊಬ್ಬರು ಎದ್ದುನಿಂತು, "ಸರ್, ಈ ಕಾವ್ಯದಲ್ಲಿ ಯಶೋಧರನೂ ಅವನ ತಾಯಿ ಚಂದ್ರಮತಿಯೂ ಜನ್ಮಜನ್ಮಾಂತರ ನೋಯುತ್ತಾರೆ. ಆದರೂ ಪುಸ್ತಕ ಮುಚ್ಚಿದ ಮೇಲೆ ನನ್ನ ಮನಸ್ಸಿನಲ್ಲಿ ಉಳಿಯುವವಳು ಅವರಿಗೆ ವಿಷವಿಕ್ಕಿದ ಅಮೃತಮತಿಯೇ. ಇಂಗ್ಲಿಷಿನ ಕೊಲೆಯ ಸಿನಿಮಾಗಳನ್ನು ನೋಡುವಾಗಲೂ ನನಗೆ ಹೀಗೇ ಆಗುತ್ತದೆ. ಆ ಹೆಂಗಸು ಕೆಟ್ಟವಳು ಎಂದು ಗೊತ್ತಿದ್ದೂ ಇಷ್ಟವಾಗುತ್ತಾಳೆ. ಇದು ಯಾಕೆ?" ಎಂದು ಕೇಳಿದರು.

ಮುಂದಿನ ಸಾಲಿನಲ್ಲಿದ್ದ ನಿವೃತ್ತ ಸಂಸ್ಕೃತ ಪಂಡಿತರು ಕೂತಲ್ಲಿಂದಲೇ ತಿರುಗಿ, "ಟೀಚರೇ, ಅಂಥವಳು ಇಷ್ಟವಾದಳು ಅಂತ ನಾಲ್ಕು ಜನರ ಮುಂದೆ ಹೇಳಬಾರದು. ಮಕ್ಕಳಿಗೆ ಪಾಠ ಹೇಳುವವರಲ್ಲವಾ ನಾವು?" ಎಂದರು. ಸಭೆ ಮೌನವಾಯಿತು. ಅಧ್ಯಾಪಿಕೆ ಕುಳಿತುಕೊಂಡರು. ಅಧ್ಯಕ್ಷಪೀಠದಲ್ಲಿದ್ದ ನಾವು ಒಂದು ಮಾತಾದರೂ ಆಡಬಹುದಿತ್ತು. ಆಡಲಿಲ್ಲ. ಊಟಕ್ಕೆ ಹೊತ್ತಾಯಿತೆಂದು ಹೇಳಿ ಗೋಷ್ಠಿಯನ್ನು ಮುಗಿಸಿಬಿಟ್ಟೆವು. ಪ್ರಶ್ನೆ ಕೇಳಿದವರನ್ನು ಗದರಿಸಿ ಕೂರಿಸುವುದು ತರಗತಿಯಲ್ಲಿ ತಪ್ಪಾದರೆ ಸಭೆಯಲ್ಲಿಯೂ ತಪ್ಪೇ. ಆ ಪ್ರಶ್ನೆಗೆ ಅಂದು ಕೊಡದೆ ಉಳಿದ ಉತ್ತರವನ್ನು ಈ ಸಂಚಿಕೆಯ ಮೂಲಕವಾದರೂ ಕೊಡಬೇಕೆಂದು ಪ್ರಸ್ತುತ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ಸಿನಿಮಾ ಪಂಡಿತರಲ್ಲ. ಕೇರಳದ ನೆಲದಲ್ಲಿರುವುದರಿಂದ ಫಿಲ್ಮ್ ಸೊಸೈಟಿಗಳ ಗಾಳಿ ನಮ್ಮ ಕಾಸರಗೋಡಿನ ಕನ್ನಡ ಅಧ್ಯಾಪಕರಿಗೂ ಸ್ವಲ್ಪ ತಗುಲಿದೆ, ಅಷ್ಟೆ. ಆ ಗೋಷ್ಠಿಯ ತರುವಾಯ ಮಗಳ ಲ್ಯಾಪ್‌ಟಾಪಿನಲ್ಲಿ ಈ ಜಾತಿಯ ಚಿತ್ರಗಳನ್ನು ಒಂದೊಂದಾಗಿ ನೋಡಿದೆವು. ಮನೆಯವರು ಒಂದೆರಡು ದಿನ ವಿಚಿತ್ರವಾಗಿ ನೋಡಿ ಆಮೇಲೆ ತಾವೂ ಬಂದು ಕುಳಿತರು.

ಮೊದಲು ಹೆಸರಿನ ಮಾತು. ಇಂಥ ಪಾತ್ರಕ್ಕೆ ಕನ್ನಡದಲ್ಲಿ ನೆಲೆಯಾದ ಶಬ್ದವಿಲ್ಲ. 'ಖಳನಾಯಕಿ' ಎಂದರೆ ನಾಯಕಿಗೆ ಕಿರುಕುಳ ಕೊಡುವ ಎರಡನೆಯ ಹೆಂಗಸು ಎಂದಾಗುತ್ತದೆ. ನಮ್ಮ ಅಲಂಕಾರಶಾಸ್ತ್ರದಲ್ಲಿ 'ಪ್ರತಿನಾಯಕ' ಎಂಬುದುಂಟು. ಧನಂಜಯನ 'ದಶರೂಪಕ'ವು ಅವನನ್ನು ಲೋಭಿ, ಧೀರೋದ್ಧತ, ಹಟಮಾರಿ, ಪಾಪಿ, ವ್ಯಸನಿ ಎಂದು ಲಕ್ಷಣೀಕರಿಸುತ್ತದೆ. ಆದರೆ ಅವನು ನಾಯಕನ ಶತ್ರು, ಕಥೆಯ ನಡುಮನೆ ಅವನದಲ್ಲ. ನಾವು ಇಲ್ಲಿ ಹೇಳಹೊರಟಿರುವ ಹೆಂಗಸು ಕಥೆಯ ನಡುಮನೆಯಲ್ಲಿಯೇ ಕುಳಿತವಳು. ಅವಳೇ ನಾಯಿಕೆ. ನಾಯಿಕೆಯಲ್ಲಿ ನಾವು ನಿರೀಕ್ಷಿಸುವ ದಯೆ, ಲಜ್ಜೆ, ಪಶ್ಚಾತ್ತಾಪಗಳು ಮಾತ್ರ ಅವಳಲ್ಲಿಲ್ಲ. ಬೇರೆ ಶಬ್ದ ಸಿಗುವವರೆಗೆ 'ಪ್ರತಿನಾಯಿಕೆ' ಎಂದೇ ಕರೆಯೋಣ.

ಈ ಪ್ರತಿನಾಯಿಕೆಯ ಮೂಲಮೂರ್ತಿಯೆಂದು ಎಲ್ಲರೂ ಒಪ್ಪುವವಳು 1944ರಲ್ಲಿ ತೆರೆಕಂಡ 'ಡಬಲ್ ಇನ್‌ಡೆಮ್ನಿಟಿ' ಎಂಬ ಅಮೆರಿಕನ್ ಚಿತ್ರದ ಫಿಲ್ಲಿಸ್ ಡೀಟ್ರಿಕ್‌ಸನ್. ನಿರ್ದೇಶಕರು ಬಿಲ್ಲಿ ವೈಲ್ಡರ್. ಜೇಮ್ಸ್ ಎಂ. ಕೇನರು 1936ರಲ್ಲಿ ಒಂದು ವಾರಪತ್ರಿಕೆಗೆ ಧಾರಾವಾಹಿಯಾಗಿ ಬರೆದ ಕಥೆಯನ್ನು ವೈಲ್ಡರ್ ಮತ್ತು ಕಾದಂಬರಿಕಾರ ರೇಮಂಡ್ ಚಾಂಡ್ಲರ್ ಇಬ್ಬರೂ ಕೂಡಿ ಚಿತ್ರಕಥೆಯಾಗಿಸಿದರು. ಫಿಲ್ಲಿಸಳ ಪಾತ್ರ ವಹಿಸಿದವರು ಬಾರ್ಬರಾ ಸ್ಟಾನ್‌ವಿಕ್. ಆಗಲೇ ದೊಡ್ಡ ತಾರೆಯಾಗಿದ್ದ ಆಕೆ ಕೊಲೆಗಾತಿಯಾಗಿ ಕಾಣಿಸಿಕೊಳ್ಳಲು ಮೊದಲು ಹಿಂಜರಿದಿದ್ದರಂತೆ.

ಕಥೆ ಸರಳವಾದುದು. ವಾಲ್ಟರ್ ನೆಫ್ ಎಂಬ ವಿಮಾ ಏಜೆಂಟ ಮೋಟಾರು ವಿಮೆಯನ್ನು ನವೀಕರಿಸಲೆಂದು ಲಾಸ್ ಏಂಜಲೀಸಿನ ಒಂದು ಮನೆಗೆ ಹೋಗುತ್ತಾನೆ. ಯಜಮಾನ ಮನೆಯಲ್ಲಿಲ್ಲ. ಹೆಂಡತಿ ಇದ್ದಾಳೆ, ಕಾಲಿನಲ್ಲಿ ಒಂದು ಸಣ್ಣ ಚೈನು ಹಾಕಿಕೊಂಡು ಮಹಡಿಯ ಮೆಟ್ಟಿಲಿಳಿದು ಬರುತ್ತಾಳೆ. ಗಂಡನಿಗೆ ತಿಳಿಯದಂತೆ ಅವನ ಮೇಲೆ ಅಪಘಾತ ವಿಮೆ ಮಾಡಿಸಲು ಆಗುತ್ತದೆಯೆ ಎಂದು ಕೇಳುತ್ತಾಳೆ. ನೆಫ್ ಮೊದಲು ಸಿಟ್ಟಾಗಿ ಎದ್ದುಹೋಗುತ್ತಾನೆ, ಆಮೇಲೆ ಬಲೆಗೆ ಬೀಳುತ್ತಾನೆ. ಮೋಟಾರು ವಿಮೆಯ ಕಾಗದಗಳ ನಡುವೆ ಇನ್ನೊಂದು ಅರ್ಜಿಯನ್ನಿಟ್ಟು ಗಂಡನ ಸಹಿ ಪಡೆಯುತ್ತಾರೆ. ರೈಲಿನ ಅಪಘಾತದಲ್ಲಿ ಸತ್ತರೆ ವಿಮೆಯ ಹಣ ಎರಡರಷ್ಟಾಗುತ್ತದೆ ಎಂಬುದು ಕರಾರು, ಚಿತ್ರದ ಹೆಸರಿನ ಅರ್ಥವೂ ಅದೇ. ಆದಕಾರಣ ಗಂಡನನ್ನು ಮೋಟಾರಿನಲ್ಲಿ ಕೊಂದು, ನೆಫ್ ತಾನೇ ಊರುಗೋಲು ಹಿಡಿದು ಅವನ ವೇಷದಲ್ಲಿ ರೈಲು ಹತ್ತಿ, ನಿಧಾನವಾಗಿ ಚಲಿಸುತ್ತಿರುವ ಬಂಡಿಯ ಹಿಂಭಾಗದಿಂದ ಕೆಳಗೆ ಹಾರಿ, ಇಬ್ಬರೂ ಕೂಡಿ ಹೆಣವನ್ನು ಹಳಿಯ ಮೇಲೆ ಹಾಕುತ್ತಾರೆ.

ಇಲ್ಲಿ ಎರಡು ದೃಶ್ಯಗಳನ್ನು ಸಾವಕಾಶವಾಗಿ ನೋಡಬೇಕು. ಮೊದಲನೆಯದು ಕೊಲೆ. ಮೋಟಾರನ್ನು ಫಿಲ್ಲಿಸ್ ನಡೆಸುತ್ತಿದ್ದಾಳೆ, ಪಕ್ಕದಲ್ಲಿ ಗಂಡ, ಹಿಂದಿನ ಸೀಟಿನ ಕೆಳಗೆ ಅಡಗಿದ ನೆಫ್. ಗೊತ್ತಾದ ಸ್ಥಳ ಬರುತ್ತಲೆ ಅವಳು ಹಾರ್ನು ಬಾರಿಸುತ್ತಾಳೆ. ಕೊಲೆ ನಡೆಯುವುದು ನಮಗೆ ಕಾಣುವುದಿಲ್ಲ. ಕ್ಯಾಮರಾ ಅವಳ ಮುಖವನ್ನು ಬಿಟ್ಟು ಕದಲುವುದಿಲ್ಲ. ಆ ಮುಖ ರಸ್ತೆಯನ್ನು ನೋಡುತ್ತಿದೆ. ಭಯವಿಲ್ಲ, ಕನಿಕರವಿಲ್ಲ, ಕ್ರೌರ್ಯವೆಂದು ಬೆರಳಿಟ್ಟು ತೋರಿಸುವಂಥದ್ದೂ ಇಲ್ಲ. ಒಂದು ತೃಪ್ತಿಯ ಛಾಯೆ ಸುಳಿಯಿತೆ, ಇಲ್ಲವೆ ಎಂದು ನೋಡುವವನೇ ತೀರ್ಮಾನಿಸಬೇಕು. ನಾವು ಈ ದೃಶ್ಯವನ್ನು ಮೂರು ಸಲ ನೋಡಿದೆವು, ಮೂರು ಸಲವೂ ಬೇರೆಬೇರೆಯಾಗಿ ಕಂಡಿತು.

ಎರಡನೆಯದು ಹೆಣವನ್ನು ಹಳಿಯ ಮೇಲೆ ಹಾಕಿ ಬಂದ ತರುವಾಯದ್ದು. ಇಬ್ಬರೂ ಮೋಟಾರಿನಲ್ಲಿ ಕುಳಿತಿದ್ದಾರೆ. ಫಿಲ್ಲಿಸ್ ಕೀಲಿ ತಿರುಗಿಸುತ್ತಾಳೆ. ಎಂಜಿನು ಕೊರಗುತ್ತದೆ, ಹೊರಡುವುದಿಲ್ಲ. ಮತ್ತೊಮ್ಮೆ ತಿರುಗಿಸುತ್ತಾಳೆ, ಹೊರಡುವುದಿಲ್ಲ. ಇಬ್ಬರೂ ಮಾತಿಲ್ಲದೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಕೊನೆಗೆ ನೆಫ್ ಕೈಚಾಚಿ ಮೆಲ್ಲಗೆ ತಿರುಗಿಸಿದಾಗ ಎಂಜಿನು ಹಿಡಿಯುತ್ತದೆ. ಇಡೀ ಪ್ರಸಂಗ ಒಂದು ನಿಮಿಷದ್ದೂ ಅಲ್ಲ. ಆದರೆ ಆ ಹೊತ್ತಿನಲ್ಲಿ ಪ್ರೇಕ್ಷಕನ ಮನಸ್ಸು ಏನನ್ನು ಹಾರೈಸುತ್ತದೆ? ಪೋಲೀಸರು ಬರಲಿ ಎಂದೇ? ಅಲ್ಲ. ಮೋಟಾರು ಹೊರಡಲಿ ಎಂದು. ನಿರಪರಾಧಿಯೊಬ್ಬನ ಹೆಣ ಹಿಂದೆ ಬಿದ್ದಿದೆ, ನಾವು ಕೊಂದವರ ಎಂಜಿನಿಗಾಗಿ ಉಸಿರು ಬಿಗಿಹಿಡಿದಿದ್ದೇವೆ.

ಪ್ರತಿನಾಯಿಕೆಯ ಆಕರ್ಷಣೆಯ ಮೊದಲನೆಯ ಮೂಲ ಇಲ್ಲಿದೆ ಎಂದು ನಮ್ಮ ಅಭಿಪ್ರಾಯ. ಪ್ರೇಕ್ಷಕನಲ್ಲಿ ತಾದಾತ್ಮ್ಯ ಹುಟ್ಟುವುದು ಪಾತ್ರದ ಗುಣಕ್ಕೆ ಒಲಿದು ಎಂದು ನಾವು ಸಾಮಾನ್ಯವಾಗಿ ಪಾಠ ಹೇಳುತ್ತೇವೆ. ಅದು ಪೂರ್ತಿ ನಿಜವಲ್ಲ. ಕೈಯಲ್ಲಿ ಒಂದು ಕಷ್ಟದ ಕೆಲಸ ಹಿಡಿದು, ಎದುರಿಗೆ ಅಪಾಯವನ್ನಿಟ್ಟುಕೊಂಡು, ಜಾಣತನದಿಂದ ಮುಂದುವರಿಯುವವರ ಕಡೆಗೆ ಮನಸ್ಸು ತಾನಾಗಿ ವಾಲುತ್ತದೆ. ಆ ಕೆಲಸ ಪುಣ್ಯದ್ದೋ ಪಾಪದ್ದೋ ಎಂದು ವಿಚಾರಿಸುವ ಬುದ್ಧಿ ಒಂದು ಹೆಜ್ಜೆ ಹಿಂದೆ ಬರುತ್ತದೆ. ಗೋಡೆ ಹತ್ತುವ ಕಳ್ಳನ ಕಾಲು ಜಾರಿದರೆ ನೋಡುವವನ ಎದೆಯೂ ಝಲ್ಲೆನ್ನುತ್ತದಲ್ಲವೆ? ಹಾಗೆ. ಈ ಚಿತ್ರಗಳಲ್ಲಿ ಎಲ್ಲರಿಗಿಂತ ಮುಂದಾಗಿ ಯೋಚಿಸುವವಳು, ಏನು ಬೇಕೆಂದು ಖಚಿತವಾಗಿ ಅರಿತವಳು ಈ ಹೆಂಗಸು. ಸುತ್ತಲಿರುವ ಗಂಡಸರು ತಮಗೇನು ಬೇಕೆಂದು ತಾವೇ ಸುಳ್ಳು ಹೇಳಿಕೊಳ್ಳುತ್ತಿರುತ್ತಾರೆ.

ಇದನ್ನು ಪರೀಕ್ಷಿಸಲು ಒಂದು ದಾರಿಯಿದೆ. ಕೇನರ ಕಥೆಗೆ ಪ್ರೇರಣೆಯಾದುದು ನಿಜವಾಗಿ ನಡೆದ ಕೊಲೆ. 1927ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದಲ್ಲಿ ರೂತ್ ಸ್ನೈಡರ್ ಎಂಬ ಗೃಹಿಣಿ, ಜಡ್ ಗ್ರೇ ಎಂಬ ವ್ಯಾಪಾರಿಯೊಡನೆ ಸೇರಿ ತನ್ನ ಗಂಡ ಆಲ್ಬರ್ಟನನ್ನು ಕೊಂದಳು. ಅಲ್ಲಿಯೂ ವಿಮೆಯ ಹಣ ಎರಡರಷ್ಟಾಗುವ ಕರಾರು ಇತ್ತು. ಆದರೆ ಅವರ ಕೆಲಸ ಎಷ್ಟು ಒಡ್ಡೊಡ್ಡಾಗಿತ್ತೆಂದರೆ, ಕಳ್ಳರು ದೋಚಿಕೊಂಡು ಹೋದರೆಂದು ಆಕೆ ಹೇಳಿದ ಒಡವೆಗಳು ಅದೇ ಮನೆಯ ಹಾಸಿಗೆಯ ಅಡಿಯಲ್ಲಿ ಪೋಲೀಸರಿಗೆ ಸಿಕ್ಕವು. ಇಬ್ಬರೂ ಒಬ್ಬರ ಮೇಲೊಬ್ಬರು ತಪ್ಪು ಹೊರಿಸಿದರು. 1928ರ ಜನವರಿ 12ರಂದು ಸಿಂಗ್ ಸಿಂಗ್ ಸೆರೆಮನೆಯಲ್ಲಿ ಇಬ್ಬರನ್ನೂ ವಿದ್ಯುತ್ ಕುರ್ಚಿಯಲ್ಲಿ ಕೂರಿಸಿದರು. ಟಾಮ್ ಹೊವಾರ್ಡ್ ಎಂಬ ಛಾಯಾಗ್ರಾಹಕ ಪಾದದ ಗಂಟಿಗೆ ಸಣ್ಣ ಕ್ಯಾಮರಾ ಕಟ್ಟಿಕೊಂಡು ಒಳಹೊಕ್ಕು ಆಕೆ ಸಾಯುವ ಕ್ಷಣದ ಚಿತ್ರ ತೆಗೆದ. ಮರುದಿನ 'ಡೈಲಿ ನ್ಯೂಸ್' ಪತ್ರಿಕೆ ಅದನ್ನು ಮೊದಲ ಪುಟದ ತುಂಬ ಅಚ್ಚುಹಾಕಿತು. ಆ ಚಿತ್ರವನ್ನು ನಾವು ನೋಡಿದ್ದೇವೆ. ಮಸುಕಾದ, ಅಲುಗಿದ ಚಿತ್ರ. ಅಲ್ಲಿರುವ ಹೆಂಗಸಿನ ಬಗ್ಗೆ ಯಾರಿಗಾದರೂ ಮೋಹ ಹುಟ್ಟೀತೆಂದು ನಮಗೆ ತೋರುವುದಿಲ್ಲ. ಒಂದು ಬಗೆಯ ಸಂಕಟವಾಗುತ್ತದೆ, ನೋಡಿದ್ದಕ್ಕೆ ನಾಚಿಕೆಯೂ ಆಗುತ್ತದೆ. ಇತ್ತ ಆಲ್ಬರ್ಟ್ ಸ್ನೈಡರನ ಮುಖ ಹೇಗಿತ್ತೆಂದು ಬಹಳ ಜನರಿಗೆ ತಿಳಿಯದು. ಕೊಲೆಯಾದವನನ್ನು ಪತ್ರಿಕೆಯೂ ಮರೆಯಿತು, ಸಿನಿಮಾವೂ ಅವನ ಪಾತ್ರಕ್ಕೆ ಒಂದು ಸಿಡುಕು ಮುಖವನ್ನು ಕೊಟ್ಟು ಬದಿಗೆ ಸರಿಸಿತು.

ಆದ್ದರಿಂದ, ಆ ಅಧ್ಯಾಪಿಕೆಗೆ ಇಷ್ಟವಾದವಳು ಕೊಲೆಗಾತಿ ಎಂದು ಪಂಡಿತರು ತಿಳಿದದ್ದು ಸರಿಯಲ್ಲ. ಜೀವಂತ ಕೊಲೆಗಾತಿ ಯಾರಿಗೂ ಇಷ್ಟವಾಗುವುದಿಲ್ಲ. ಒಡ್ಡುತನ, ಹೆದರಿಕೆ, ಬಡಬಡಿಕೆಗಳನ್ನೆಲ್ಲ ತೆಗೆದುಹಾಕಿ, ಸಂಕಲ್ಪವೊಂದನ್ನೇ ಉಳಿಸಿಕೊಂಡು ಕಟ್ಟಿದ ಮೂರ್ತಿ ಅದು.

ಎರಡನೆಯ ಮೂಲ ಕಥೆಯನ್ನು ಹೇಳುವವನು ಯಾರು ಎಂಬ ಪ್ರಶ್ನೆಗೆ ಸಂಬಂಧಿಸಿದ್ದು. ಅದೇ ನಮ್ಮನ್ನು ಮತ್ತೆ ಜನ್ನನ ಕಡೆಗೆ ಒಯ್ಯುತ್ತದೆ.

'ಡಬಲ್ ಇನ್‌ಡೆಮ್ನಿಟಿ'ಯ ಕಥೆಯನ್ನು ಹೇಳುವವನು ನೆಫ್. ಗುಂಡೇಟು ತಿಂದು ರಾತ್ರಿ ತನ್ನ ಕಛೇರಿಗೆ ಬಂದು, ಕ್ಲೇಮುಗಳ ಸಾಚಾತನ ಪರೀಕ್ಷಿಸುವ ಹಿರಿಯ ಸಹೋದ್ಯೋಗಿ ಕೀಸನನ್ನು ಉದ್ದೇಶಿಸಿ ಧ್ವನಿಮುದ್ರಣ ಯಂತ್ರಕ್ಕೆ ಎಲ್ಲವನ್ನೂ ಒಪ್ಪಿಸುತ್ತಾನೆ. ಎಂದರೆ ಫಿಲ್ಲಿಸಳನ್ನು ನಾವು ನೋಡುವುದು ಅವಳಿಂದ ಕೆಟ್ಟವನ ಬಾಯಿಂದ. ಅವಳು ಒಳಗೆ ಏನಾಗಿದ್ದಳೆಂದು ಅವನಿಗೇ ತಿಳಿಯದು. ಈಗ 'ಯಶೋಧರ ಚರಿತೆ'ಯನ್ನು ಜ್ಞಾಪಿಸಿಕೊಳ್ಳಿ. 1209ರ ಈ ಕಾವ್ಯದಲ್ಲಿ ಅಮೃತಮತಿಯ ಕಥೆಯನ್ನು ಮಾರಿದತ್ತ ರಾಜನಿಗೆ ಹೇಳುವವನು ಬಾಲಕ ಅಭಯರುಚಿ. ಆ ಅಭಯರುಚಿ ಯಾರು? ಹಿಂದಿನ ಜನ್ಮದಲ್ಲಿ ಅವಳಿಂದ ವಿಷವುಂಡು ಸತ್ತ ಯಶೋಧರನೇ. ಏಳು ಶತಮಾನಗಳಿಗೂ ಮಿಕ್ಕ ಅಂತರವಿರುವ, ಒಂದನ್ನೊಂದು ಅರಿಯದ ಎರಡು ಕೃತಿಗಳಲ್ಲಿ ಹೆಂಗಸಿನ ಕಥೆಯನ್ನು ಹೇಳುವ ಹಕ್ಕು ಅವಳಿಂದ ಹಾಳಾದ ಗಂಡಸಿಗೇ ಬಂದಿದೆ! ಇದನ್ನು ನಾವು ಇಷ್ಟು ವರ್ಷ ಪಾಠ ಹೇಳಿಯೂ ಗಮನಿಸಿರಲಿಲ್ಲ. ಆ ಅಧ್ಯಾಪಿಕೆಯ ಪ್ರಶ್ನೆಯಿಂದ ಹೊಳೆಯಿತು.

ಇದರಿಂದ ಏನಾಗುತ್ತದೆ? ಹೇಳುವವನು ತನ್ನ ನೋವನ್ನು, ತನ್ನ ತಪ್ಪನ್ನು, ತನ್ನ ಮರುಳುತನವನ್ನು ಎಲ್ಲ ಹೇಳಿಕೊಳ್ಳುತ್ತಾನೆ. ಅವನಲ್ಲಿ ನಮಗೆ ಉಳಿಯುವ ಗುಟ್ಟಿಲ್ಲ. ಅವಳ ಕಡೆಯ ಮಾತು ಮಾತ್ರ ಖಾಲಿಯಾಗಿ ಉಳಿಯುತ್ತದೆ. ಅಮೃತಮತಿ ಕುರೂಪಿಯಾದ ಮಾವುತ ಅಷ್ಟಾವಂಕನ ಹಾಡಿಗೆ ಸೋತಳು, ಅವನ ರೂಪವನ್ನು ಕಂಡು ಹೇಸಿಬಂದ ಕೆಳದಿಗೆ ಉತ್ತರವನ್ನೂ ಕೊಟ್ಟಳು. ಅಲ್ಲಿಯವರೆಗೆ ಅವಳ ದನಿ ನಮಗೆ ಕೇಳುತ್ತದೆ. ಗಂಡನಿಗೂ ಅತ್ತೆಗೂ ವಿಷದ ಊಟ ಬಡಿಸುವ ಹೊತ್ತಿಗೆ ಅವಳ ಒಳಗೇನು ನಡೆದಿತ್ತೆಂದು ಹೇಳಲು ಸತ್ತವನಿಂದ ಹೇಗಾದೀತು? ವಾಚಕ ಆ ಖಾಲಿಯನ್ನು ತುಂಬಲು ತಾನೇ ತೊಡಗುತ್ತಾನೆ. ತುಂಬಹೊರಟವನಿಗೆ ಅವಳು ಅಂಟಿಕೊಳ್ಳುತ್ತಾಳೆ.

ಈ ಚಿತ್ರಗಳ ಆಕರ್ಷಣೆಗೆ ವಿದ್ವಾಂಸರು ಕೊಡುವ ಇನ್ನೊಂದು ಕಾರಣವುಂಟು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಗಂಡಸರು ರಣರಂಗಕ್ಕೆ ಹೋದಾಗ ಹೆಂಗಸರು ಕಾರ್ಖಾನೆಗಳಲ್ಲಿ ದುಡಿದು ಸ್ವತಂತ್ರರಾದರು. ಮರಳಿಬಂದ ಗಂಡಸರ ಭಯವೇ ಈ ಮೋಹಿನಿಯರ ರೂಪ ತಾಳಿತು ಎನ್ನುತ್ತಾರೆ. ಯುದ್ಧಾನಂತರ ಪ್ಯಾರಿಸಿಗೆ ಒಮ್ಮೆಲೆ ಬಂದ ಇಂಥ ಅಮೆರಿಕನ್ ಚಿತ್ರಗಳಿಗೆ 1946ರಲ್ಲಿ ನೀನೋ ಫ್ರಾಂಕ್ ಎಂಬ ವಿಮರ್ಶಕರು 'ಫಿಲ್ಮ್ ನ್ವಾರ್', ಎಂದರೆ ಕಪ್ಪು ಚಿತ್ರ, ಎಂಬ ಹೆಸರನ್ನು ಬಳಸಿದ್ದೂ ಈ ವಾದಕ್ಕೆ ಒತ್ತಾಸೆಯಾಯಿತು. ವಾದದಲ್ಲಿ ಹುರುಳಿಲ್ಲವೆಂದು ಹೇಳಲಾರೆವು. ಆದರೆ ಕಾಲವನ್ನು ಲೆಕ್ಕಹಾಕಿದರೆ ಅದು ಕುಂಟುತ್ತದೆ. ಕೇನರ ಕಥೆ 1936ರದ್ದು, ಅದರ ಹಿಂದಿನ ಕೊಲೆ 1927ರದ್ದು, ಅಮೃತಮತಿಯ ಮಾತಂತೂ ಬೇಡ.

ಶಿಕ್ಷೆಯ ವಿಷಯವನ್ನೂ ಹೇಳಬೇಕು. ಪಾಪಿಗೆ ಕೊನೆಯಲ್ಲಿ ದಂಡನೆಯಾಗುವುದರಿಂದ ಪ್ರೇಕ್ಷಕ ಅಲ್ಲಿಯವರೆಗೆ ನಿಶ್ಚಿಂತನಾಗಿ ಅವಳನ್ನು ಮೆಚ್ಚಿಕೊಳ್ಳಬಹುದು, ಆಕರ್ಷಣೆಯ ಗುಟ್ಟು ಇದೇ ಎನ್ನುವವರಿದ್ದಾರೆ. ಹಾಲಿವುಡ್ಡಿನಲ್ಲಿ 1930ರಲ್ಲಿ ರಚನೆಯಾಗಿ 1934ರಿಂದ ಜೋಸೆಫ್ ಬ್ರೀನ್ ಎಂಬವರ ಕೈಯಲ್ಲಿ ಬಿಗಿಯಾಗಿ ಜಾರಿಗೆ ಬಂದ ನಿರ್ಮಾಣ ಸಂಹಿತೆಯೊಂದಿತ್ತು. ಅಪರಾಧಿಗೆ ಜಯವಾಗಕೂಡದು, ಅಪರಾಧದ ಮೇಲೆ ಪ್ರೇಕ್ಷಕನಿಗೆ ಸಹಾನುಭೂತಿ ಹುಟ್ಟಕೂಡದು ಎಂಬುದು ಅದರ ಕಟ್ಟಳೆ. ಕೇನರ ಕಥೆಯನ್ನು 1935ರ ಸುಮಾರಿಗೇ ಕೊಳ್ಳಲು ಕಂಪೆನಿಗಳು ಮುಂದಾಗಿದ್ದರೂ ಬ್ರೀನರ ಕಛೇರಿ ಆಕ್ಷೇಪಿಸಿದ್ದರಿಂದ ಹಿಂದೆಗೆದವು. ಕಾದಂಬರಿಯ ಕೊನೆಯಲ್ಲಿ ಇಬ್ಬರೂ ಹಡಗಿನಿಂದ ಸಮುದ್ರಕ್ಕೆ ಹಾರಲು ಸಿದ್ಧರಾಗುತ್ತಾರೆ. ಚಿತ್ರದಲ್ಲಿ ಅದನ್ನು ಬದಲಿಸಿ, ಇಬ್ಬರೂ ಒಬ್ಬರಿಗೊಬ್ಬರು ಗುಂಡಿಡುವಂತೆ ಮಾಡಿದರು. ನೆಫ್ ಗ್ಯಾಸ್ ಕೋಣೆಯಲ್ಲಿ ಸಾಯುವ ದೃಶ್ಯವನ್ನೂ ವೈಲ್ಡರ್ ಚಿತ್ರೀಕರಿಸಿ ಅನಂತರ ಕತ್ತರಿಸಿದರು. ಚಿತ್ರ ಏಳು ಅಕಾಡೆಮಿ ಪ್ರಶಸ್ತಿಗಳಿಗೆ ಹೆಸರಿಸಲ್ಪಟ್ಟು ಒಂದನ್ನೂ ಗೆಲ್ಲಲಿಲ್ಲ. ಆ ವರ್ಷದ ಶ್ರೇಷ್ಠ ನಟಿ ಪ್ರಶಸ್ತಿ 'ಗ್ಯಾಸ್‌ಲೈಟ್' ಚಿತ್ರದಲ್ಲಿ ಗಂಡನಿಂದ ಹಿಂಸೆಪಡುವ ಹೆಂಡತಿಯಾಗಿ ನಟಿಸಿದ ಇಂಗ್ರಿಡ್ ಬರ್ಗ್‌ಮನ್ನರಿಗೆ ಸಂದಿತು. ಬರ್ಗ್‌ಮನ್ ಅದಕ್ಕೆ ಅರ್ಹರೇ. ಆದರೂ ತೀರ್ಪುಗಾರರ ಮನೋಧರ್ಮ ನಮ್ಮ ಪಂಡಿತರ ಮನೋಧರ್ಮಕ್ಕಿಂತ ಬಹಳ ದೂರವೇನೂ ಇರಲಿಲ್ಲವೆಂದು ತೋರುತ್ತದೆ.

ಇದೇ ಸಂಹಿತೆಯ ಕಾಲದ ಇನ್ನೊಂದು ಚಿತ್ರ ಜೋಸೆಫ್ ಎಚ್. ಲೂಯಿಸರ 'ಗನ್ ಕ್ರೇಜಿ' (1950). ಬಂದೂಕಿನ ಮೋಹವಿದ್ದೂ ಜೀವ ತೆಗೆಯಲಾರದ ಗಂಡ, ಹೆದರಿದಾಗ ಗುಂಡು ಹಾರಿಸಿಯೇ ಬಿಡುವ ಹೆಂಡತಿ. ಅದರಲ್ಲಿ ಒಂದು ಬ್ಯಾಂಕ್ ದರೋಡೆಯಿದೆ. ಕ್ಯಾಮರಾ ಮೋಟಾರಿನ ಹಿಂದಿನ ಸೀಟನ್ನು ಬಿಟ್ಟು ಇಳಿಯುವುದೇ ಇಲ್ಲ, ಮೂರೂವರೆ ನಿಮಿಷದಷ್ಟು ಹೊತ್ತು ಒಂದೇ ಓಟದ ಚಿತ್ರೀಕರಣ. ಗಂಡ ಬ್ಯಾಂಕಿನೊಳಗೆ ಹೋಗಿದ್ದಾನೆ, ಹೆಂಡತಿ ಹೊರಗೆ ಪೋಲೀಸನೊಬ್ಬನನ್ನು ಮಾತಿನಲ್ಲಿ ತೊಡಗಿಸಿದ್ದಾಳೆ, ನಾವು ಹಿಂದೆ ಕುಳಿತಿದ್ದೇವೆ. ಮೂರನೆಯ ಕಳ್ಳರಂತೆ! ಪ್ರೇಕ್ಷಕನನ್ನು ಯಾವ ಪಕ್ಷದಲ್ಲಿ ಕೂರಿಸಬೇಕೆಂಬುದು ಎಷ್ಟರಮಟ್ಟಿಗೆ ಕ್ಯಾಮರಾದ ಜಾಗದ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಇರಲಾರದು.

ಸಂಹಿತೆ 1968ರಲ್ಲಿ ಹೋಯಿತು. ಶಿಕ್ಷೆಯೇ ಆಕರ್ಷಣೆಗೆ ಆಧಾರವಾಗಿದ್ದರೆ ಆ ಮೇಲೆ ಆಕರ್ಷಣೆಯೂ ಹೋಗಬೇಕಿತ್ತು. ಆಗಲಿಲ್ಲ. ಲಾರೆನ್ಸ್ ಕ್ಯಾಸ್ಡನರ 'ಬಾಡಿ ಹೀಟ್' (1981) ಚಿತ್ರದ ಮ್ಯಾಟಿ ವಾಕರ್, ಸೋಮಾರಿ ವಕೀಲನೊಬ್ಬನನ್ನು ಕೊಲೆಗೆ ಹೂಡುತ್ತಾಳೆ. ಅವನನ್ನೇ ಏಕೆ ಆರಿಸಿದಳು? ಅವನು ಹಿಂದೊಮ್ಮೆ ಒಂದು ಉಯಿಲನ್ನು ಕಾನೂನಿಗೆ ವಿರುದ್ಧವಾಗಿ ಬರೆದು ಪೇಚಿಗೆ ಸಿಕ್ಕವನು. ಗಂಡನ ಹೊಸ ಉಯಿಲಿನಲ್ಲಿಯೂ ಅದೇ ತಪ್ಪಿದ್ದರೆ ಅದು ಅವನದೇ ಕೆಲಸವೆಂದು ಎಲ್ಲರೂ ನಂಬುತ್ತಾರೆ. ಉಯಿಲು ಬಿದ್ದುಹೋದರೆ ಆಸ್ತಿಯೆಲ್ಲ ಹೆಂಡತಿಗೆ. ಈ ಲೆಕ್ಕಾಚಾರ ಬಿಚ್ಚಿಕೊಂಡಾಗ ಅವಳ ಮೇಲೆ ಸಿಟ್ಟು ಬರುವ ಮೊದಲು 'ಭಲೆ!' ಎನ್ನಿಸುತ್ತದೆ. ಸೆರೆಯಲ್ಲಿ ಕುಳಿತ ವಕೀಲ ಅವಳ ಶಾಲೆಯ ವಾರ್ಷಿಕ ಸಂಚಿಕೆಯನ್ನು ತರಿಸಿ ನೋಡಿದರೆ, ಅವಳ ನಿಜವಾದ ಹೆಸರೇ ಬೇರೆ. ಶ್ರೀಮಂತಳಾಗಿ ದೂರದ ಚೆಲುವಾದ ನಾಡಿನಲ್ಲಿ ಬಾಳಬೇಕೆಂಬುದು ತನ್ನ ಗುರಿಯೆಂದು ಆಕೆ ಅಲ್ಲಿ ಬರೆಸಿದ್ದಳು. ಹೈಸ್ಕೂಲಿನ ಹುಡುಗಿ! ಕೊನೆಯಲ್ಲಿ ಆಕೆ ಒಂದು ಕಡಲತೀರದಲ್ಲಿ ಹಾಯಾಗಿ ಮಲಗಿದ್ದಾಳೆ. ಮುಖದಲ್ಲಿ ಸಂತೋಷವಿದೆಯೆಂದು ಖಂಡಿತವಾಗಿ ಹೇಳಲಾಗುವುದಿಲ್ಲ. ವಿದ್ಯಾರ್ಥಿಗಳು 'ನನ್ನ ಜೀವನದ ಗುರಿ' ಎಂದು ಬರೆದ ಪ್ರಬಂಧಗಳನ್ನು ಮೂವತ್ತು ವರ್ಷ ತಿದ್ದಿದ ನಮಗೆ ಈ ಸಂಚಿಕೆಯ ಪ್ರಸಂಗ ಬೇರೆಯವರಿಗಿಂತ ಹೆಚ್ಚು ನಾಟಿತೆಂದು ಕಾಣುತ್ತದೆ.

ಜಾನ್ ಡಾಲರ 'ದಿ ಲಾಸ್ಟ್ ಸಿಡಕ್ಷನ್' (1994) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಕಥೆ ಹೇಳುವ ಗಂಡಸೇ ಇಲ್ಲ, ಮೊದಲಿನಿಂದ ನಾವು ಬ್ರಿಜೆಟ್ ಗ್ರೆಗರಿಯ ಜೊತೆಯಲ್ಲಿಯೇ ನಡೆಯುತ್ತೇವೆ. ಪಾತ್ರಧಾರಿಣಿ ಲಿಂಡಾ ಫಿಯೊರೆಂಟಿನೊ. ಗಂಡ ಮಾದಕದ್ರವ್ಯ ಮಾರಿ ತಂದ ಹಣವನ್ನೆಲ್ಲ ಅವನು ಸ್ನಾನಕ್ಕೆ ಹೋದಾಗ ಎತ್ತಿಕೊಂಡು ನ್ಯೂಯಾರ್ಕಿನಿಂದ ಓಡಿದವಳು, ಸಣ್ಣ ಊರೊಂದರಲ್ಲಿ ಸುಳ್ಳು ಹೆಸರಿನಿಂದ ಉದ್ಯೋಗಕ್ಕೆ ಸೇರುತ್ತಾಳೆ. ಎಲ್ಲಿ? ಮತ್ತೆ ವಿಮಾ ಕಂಪೆನಿಯಲ್ಲಿ! ಅವಳು ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯಬಲ್ಲಳು. ಆ ಊರಿನ ಹೋಟೆಲಿನಲ್ಲಿ ಮೊದಲ ದಿನ ಪಾನೀಯ ಕೇಳುವಾಗ 'ದಯವಿಟ್ಟು' ಎನ್ನದೆ ಇದ್ದದ್ದಕ್ಕೆ ಯಾರೂ ಅವಳತ್ತ ತಿರುಗಿ ನೋಡುವುದಿಲ್ಲ. ಈ ಸಣ್ಣ ಪ್ರಸಂಗವನ್ನು ಕಂಡು ನಮ್ಮ ಮನೆಯವರು ನಕ್ಕದ್ದನ್ನು ಕೇಳಿ ನಮಗೆ ಆಶ್ಚರ್ಯವಾಯಿತು. ಹೆಂಗಸಾಗಿ ಬೆಳಗಿನಿಂದ ರಾತ್ರಿಯವರೆಗೆ ಎಷ್ಟು ಸಲ ಮೆತ್ತಗೆ ಮಾತಾಡಬೇಕು, ಎಷ್ಟು ಸಲ ಸುಮ್ಮನೆ ನಗಬೇಕು ಎಂಬ ಲೆಕ್ಕ ಗಂಡಸರಿಗೆ ಇರುವುದಿಲ್ಲ. ಯಾರ ಮುಖವನ್ನೂ ನೋಡದೆ, ಯಾರ ಸಂಕೋಚಕ್ಕೂ ಕಟ್ಟುಬೀಳದೆ ನಡೆಯುವ ಒಬ್ಬಳನ್ನು ಎರಡು ತಾಸು ಕಾಣುವುದೇ ಒಂದು ಬಿಡುಗಡೆಯಿರಬೇಕು. ಕೊಲೆ ಆ ಬಿಡುಗಡೆಗೆ ಕಥೆ ತೆರುವ ಬೆಲೆ ಮಾತ್ರ. ಆಕೆ ಗಂಡನನ್ನು ತಾನೇ ಕೊಂದು, ತನ್ನನ್ನು ನಂಬಿದ ಬಡಪಾಯಿಯನ್ನು ಸೆರೆಗೆ ಕಳುಹಿಸಿ, ಅವನ ಪಾಲಿಗೆ ಸಾಕ್ಷಿಯಾಗಬಹುದಾಗಿದ್ದ ಹೆಸರಿನ ಸಣ್ಣ ಚೀಟಿಯನ್ನು ಮೋಟಾರಿನಲ್ಲಿ ಕುಳಿತು ಸುಟ್ಟುಹಾಕುತ್ತಾಳೆ. ಈ ಅಭಿನಯಕ್ಕೆ ನ್ಯೂಯಾರ್ಕಿನ ಚಿತ್ರ ವಿಮರ್ಶಕರ ಮಂಡಳಿ ಶ್ರೇಷ್ಠ ನಟಿ ಪ್ರಶಸ್ತಿ ಕೊಟ್ಟಿತು. ಚಿತ್ರಮಂದಿರಕ್ಕೆ ಮೊದಲೇ ಟೆಲಿವಿಷನ್ನಿನಲ್ಲಿ ತೋರಿಸಲಾಗಿತ್ತೆಂಬ ಕಾರಣದಿಂದ ಅಕಾಡೆಮಿಯ ಸ್ಪರ್ಧೆಗೆ ಮಾತ್ರ ಅರ್ಹವಾಗಲಿಲ್ಲ.

ಇಷ್ಟೆಲ್ಲ ಆದರೂ ನಮ್ಮ ಒಲವು ಫಿಲ್ಲಿಸಳ ಕಡೆಗೇ. ಬ್ರಿಜೆಟ್ಟಳಿಗೆ ಭಯವಿಲ್ಲ. ಭಯವಿಲ್ಲದವರನ್ನು ಸ್ವಲ್ಪ ಹೊತ್ತು ನೋಡಿದ ಮೇಲೆ ಅವರಿಗಾಗಿ ನಾವೂ ಭಯಪಡುವುದನ್ನು ಬಿಡುತ್ತೇವೆ. ಫಿಲ್ಲಿಸ್ ಕೊನೆಯಲ್ಲಿ ಕತ್ತಲೆಯ ಕೋಣೆಯಲ್ಲಿ ಕುಳಿತು ನೆಫ್‌ನಿಗೆ ಗುಂಡಿಡುತ್ತಾಳೆ. ಅವನು ಬೀಳುವುದಿಲ್ಲ, ಹತ್ತಿರ ಬರುತ್ತಾನೆ. ಎರಡನೆಯ ಗುಂಡು ಹಾರಿಸುವುದಕ್ಕೆ ಅವಳಿಂದ ಆಗುವುದಿಲ್ಲ. ಯಾಕೆ ಆಗಲಿಲ್ಲವೆಂದು ಅವಳಿಗೇ ಆಶ್ಚರ್ಯ. ಸಂಹಿತೆಯ ಒತ್ತಾಯಕ್ಕೆ ತಂದಿಟ್ಟ ಪಶ್ಚಾತ್ತಾಪ ಅದೆಂದು ಕೆಲವರು ಹಳಿಯಬಹುದು. ನಮಗೆ ಹಾಗೆ ತೋರಲಿಲ್ಲ. ಅದುವರೆಗೆ ಖಾಲಿಯಾಗಿದ್ದ ಜಾಗದಲ್ಲಿ ಒಂದು ಕ್ಷಣ ಯಾರೋ ಇದ್ದಂತೆ ಕಂಡಿತು, ಮರುಕ್ಷಣ ನೆಫ್ ಗುಂಡು ಹಾರಿಸಿದ. ಫಿಲ್ಲಿಸಳಂಥವರ ಬಗ್ಗೆ ಜೇನೀ ಪ್ಲೇಸ್ ಎಂಬ ಲೇಖಕಿ 1978ರ ಒಂದು ಪ್ರಬಂಧ ಸಂಕಲನದಲ್ಲಿ, ಇವರ ಸಾವು ನಮ್ಮ ನೆನಪಿನಲ್ಲಿ ನಿಲ್ಲುವುದಿಲ್ಲ, ಇವರ ಅಪಾಯಕರವಾದ ಶಕ್ತಿಯೇ ನಿಲ್ಲುತ್ತದೆ ಎಂಬ ಅಭಿಪ್ರಾಯವನ್ನು ಮಂಡಿಸಿದ್ದಾರೆ. ಹೆಚ್ಚಿನ ಮಟ್ಟಿಗೆ ಸರಿ. ಆ ಹಾರದ ಎರಡನೆಯ ಗುಂಡೂ ನಿಲ್ಲುತ್ತದೆ ಎಂದು ಸೇರಿಸಬಯಸುತ್ತೇವೆ.

'ಬೇಸಿಕ್ ಇನ್‌ಸ್ಟಿಂಕ್ಟ್' (1992), 'ಗಾನ್ ಗರ್ಲ್' (2014) ಮೊದಲಾದುವನ್ನೂ ನೋಡಿದೆವು. ಮೊದಲನೆಯದರಲ್ಲಿ ಮಾತಿಗೆ ಸಿಗುವಂಥದ್ದು ಕಡಮೆ. ಎರಡನೆಯದರಲ್ಲಿ ಅರ್ಧ ಕಥೆಯ ಬಳಿಕ ಹೆಂಡತಿಯೇ ಮಾತಿನ ಸರದಿಯನ್ನು ಕೈಗೆ ತೆಗೆದುಕೊಳ್ಳುವುದು ಮೇಲಿನ ವಿಚಾರಕ್ಕೆ ಸೊಗಸಾಗಿ ಹೊಂದುತ್ತದೆ. ವಿಸ್ತರಿಸಲು ಇಲ್ಲಿ ಸ್ಥಳವಿಲ್ಲ.

ಈ ವರ್ಷದ ಗೋಷ್ಠಿಯಲ್ಲಿ ಮೇ­ಲಿನ ಟಿಪ್ಪಣಿಗಳನ್ನೇ ಮಾತಾಗಿ ಆಡಿ, 'ಡಬಲ್ ಇನ್‌ಡೆಮ್ನಿಟಿ'ಯ ಹಳಿಯ ಪ್ರಸಂಗವನ್ನು ಶಾಲೆಯ ಪ್ರೊಜೆಕ್ಟರಿನಲ್ಲಿ ತೋರಿಸಿದೆವು. ಆ ಅಧ್ಯಾಪಿಕೆಯನ್ನು ಮುಂದಾಗಿ ಕರೆದು, ಹೋದ ವರ್ಷದ ಪ್ರಶ್ನೆಯನ್ನು ಮತ್ತೊಮ್ಮೆ ಕೇಳಬೇಕೆಂದು ಕೇಳಿಕೊಂಡೆವು. ಅವರು ನಗುತ್ತ ಕೇಳಿದರು. ಪಂಡಿತರೂ ಬಂದಿದ್ದರು. ಬಾರದೆ ಇರುವವರಲ್ಲ. ಮುಂದಿನ ಸಾಲಿನಲ್ಲಿ ಕೈಕಟ್ಟಿ ಕುಳಿತಿದ್ದರು. ದೀಪ ಆರಿಸಿದೆವು. ಹೆಣವನ್ನು ಹಾಕಿ ಇಬ್ಬರೂ ಬಂದು ಮೋಟಾರಿನಲ್ಲಿ ಕುಳಿತರು. ಫಿಲ್ಲಿಸ್ ಕೀಲಿ ತಿರುಗಿಸಿದಳು, ಎಂಜಿನು ಹಿಡಿಯಲಿಲ್ಲ. ಮತ್ತೆ ತಿರುಗಿಸಿದಳು, ಹಿಡಿಯಲಿಲ್ಲ. ಸಭೆಯಲ್ಲಿ ಒಂದು ಕುರ್ಚಿಯ ಸದ್ದೂ ಇರಲಿಲ್ಲ. ಕತ್ತಲೆಯಲ್ಲಿ ಮುಂದಿನ ಸಾಲಿನಿಂದ, "ಹೊರಡಲಿ ಮಾರಾಯ, ಬೇಗ" ಎಂದು ಒಂದು ಮುದಿದನಿ ಕೇಳಿಸಿತು.